ಇವಳ ಮುಖದ ನೀಲಿ

ಮಾರ್ಚ್ ೧೪, ಗುರುವಾರ

ಆ ಪ್ರಿಂಟು ಇನ್ನೂ ಎದುರಿಗೇ ಇದೆ. ಇವಳ ಹುಟ್ಟುಹಬ್ಬಕ್ಕೆಂದು ವಾರಗಟ್ಟಲೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿ, ದುಬಾರಿ ಹತ್ತಿಯ ಕಾಗದದ ಮೇಲೆ ಮುದ್ರಿಸಿ ತಂದ, ನಾನೇ ತೆಗೆದ ಇವಳದೇ ಮುಖದ ಫೋಟೋ. ರಂಗದ ಪರದೆ ಸರಿಸುವ ಗತ್ತಿನಲ್ಲಿ ಹೊದಿಕೆ ಎಳೆದೆ. ಆಹಾ, ಏನು ಕಳೆ!

ಒಂದು ಚಪ್ಪಾಳೆಯೂ ಇಲ್ಲ.

"ಏನ್ರೀ, ಬದುಕಿರುವಾಗಲೇ ನನ್ನ ಹೆಣ ಮಾಡಿಬಿಟ್ರಲ್ಲ! ಮುಖವೆಲ್ಲ ನೀಲಿ" ಎಂದಳು. ಮಗಳು ನಗಲಿಲ್ಲ.

ಮುದ್ರಣದಂಗಡಿಯ ಹೊಸಬನ ಮೇಲೆ ಸಿಂಹದಂತೆ ಗರ್ಜಿಸಿದೆ. "ಸಾರ್, ನೀವು ಕೊಟ್ಟ ಫೈಲೇ ಹಾಗಿದೆ" ಎಂದ. ಹೋದ ತಿಂಗಳು ಕೆಲಸ ಬಿಟ್ಟ ಹಳಬನಿಗೆ ಫೋನು ಮಾಡಿದೆ.

"ಬೇಜಾರು ಮಾಡ್ಕೋಬೇಡಿ ಅಣ್ಣ. ಎರಡು ವರ್ಷದಿಂದ ನೀವು ಕಳಿಸೋದೆಲ್ಲ ನೀಲಿನೇ. ಮುದ್ರಿಸೋ ಮುಂಚೆ ನಾನೇ ಸರಿ ಮಾಡ್ತಿದ್ದೆ. ಹೇಳೋಕೆ ಬಾಯಿ ಬರಲಿಲ್ಲ."

ಹಾಗಾದರೆ ಹೋದ ವರ್ಷ ನನ್ನ ಫೋಟೋಗೆ ಬಂದ ಆ ಬಹುಮಾನ ಯಾರ ಕಣ್ಣಿಗೆ ಬಂದದ್ದು?

ನಾಳೆ ಕಣ್ಣಿನ ಆಸ್ಪತ್ರೆಗೆ ಹೋಗೋಣ ಅಂತಾಳೆ ಮಗಳು. ಅಪ್ಪನಿಗೂ ಬಣ್ಣದಿಂದಲೇ ಶುರುವಾಗಿತ್ತು. ಕೊನೆಗೆ ನನ್ನನ್ನು ದನಿಯಿಂದಷ್ಟೇ ಗುರುತಿಸುತ್ತಿದ್ದರು.

ದೀಪದ ಕೆಳಗೆ ಹಿಡಿದು ಮತ್ತೆ ಮತ್ತೆ ನೀಲಿ ಹುಡುಕುತ್ತಿದ್ದೇನೆ. ಎಲ್ಲಿದೆ? ಇವಳ ಕೆನ್ನೆ ಇಷ್ಟು ಕೆಂಪಗೆ, ಇಷ್ಟು ಚೆನ್ನಾಗಿ...