ಚೀಟಿಯಲ್ಲಿ ಬರೆದ ಒಂದು ‘ಗ್ಯಾಸ್’

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನನ್ನ ಅಕ್ಕನ ಹೊಟ್ಟೆಯಲ್ಲಿ ಗ್ಯಾಸ್ ಇಲ್ಲ. ಹನ್ನೊಂದು ತಿಂಗಳಿಂದ ನಿಮ್ಮ ಆಸ್ಪತ್ರೆಯ ಎಲ್ಲ ಕಿಟಕಿಗಳಲ್ಲೂ ಇದನ್ನೇ ಹೇಳಿ ಸೋತು, ಈಗ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ಅಕ್ಕ ಆಂಜನಮ್ಮ ಜೀವನ್ ಬಿಮಾ ನಗರದ ಒಂದು ಅಪಾರ್ಟ್‌ಮೆಂಟಿನ ಎದುರು ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದಾಳೆ. ಕಳೆದ ವರ್ಷ ಅವಳ ಕರುಳು ತಿರುಚಿಕೊಂಡಾಗ ನಿಮ್ಮ ಶಸ್ತ್ರವೈದ್ಯರು ಜೀವ ಉಳಿಸಿದರು. ಅದಕ್ಕೆ ಋಣಿಗಳು, ಇದು ವ್ಯಂಗ್ಯವಲ್ಲ. ಗಾಯ ಮಾಯಿತು, ನೋವು ಮಾಯಲಿಲ್ಲ. ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕು, ಕೆಮ್ಮು ಬಂದರೆ ಭಯ, ಇಸ್ತ್ರಿ ಪೆಟ್ಟಿಗೆ ಎತ್ತುವುದಂತೂ ದೂರದ ಮಾತು. ಮತ್ತೆ ನಿಮ್ಮಲ್ಲಿಗೇ ಬಂದೆವು. ಚೀಟಿ ಬರೆಯುವ ಕಿಟಕಿಯಲ್ಲಿ ನಡೆದದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ.

“ಏನಮ್ಮಾ ತೊಂದ್ರೆ?”

“ಹೊಟ್ಟೆ ನೋವು ಸಾರ್.”

“ಏನ್ ಕೆಲ್ಸ ಮಾಡ್ತೀಯ?”

“ಇಸ್ತ್ರಿ ಗಾಡಿ ಸಾರ್.”

“ಗ್ಯಾಸಾ?”

“ಹೂಂ ಸಾರ್, ಗ್ಯಾಸೇ. ಇದ್ದಿಲು ಬಿಟ್ಟು ಎರಡು ವರ್ಷ ಆಯ್ತು.”

ಅಕ್ಕ ಹೇಳಿದ್ದು ಇಸ್ತ್ರಿ ಪೆಟ್ಟಿಗೆಗೆ ಸಿಲಿಂಡರ್ ಜೋಡಿಸಿದ ವಿಷಯ. ನಿಮ್ಮ ಗುಮಾಸ್ತರು ತಲೆ ಎತ್ತದೆ ಅದನ್ನು ಅವಳ ಹೊಟ್ಟೆಗೆ ಜೋಡಿಸಿದರು. ನನಗೆ ನಗು ಬಂತು. ಆ ನಗುವಿಗೆ ಇಂದಿಗೂ ನಾಚುತ್ತೇನೆ. ತಿದ್ದಿ ಎಂದೆ. “ಒಳಗೆ ಡಾಕ್ಟ್ರಿಗೆ ಹೇಳ್ಕೊಳ್ಳಿ” ಎಂದರು. ಒಳಗಿದ್ದವರು ನೋಡಿದ್ದು ಚೀಟಿಯನ್ನು, ಅಕ್ಕನನ್ನಲ್ಲ. ಮುಂದಿನ ಸಲ ಬೇರೆ ವೈದ್ಯರು ಹಳೆಯ ಚೀಟಿ ನೋಡಿ ಅದೇ ಮಾತ್ರೆ ಬರೆದರು. ಗೇಣುದ್ದದ ಗಾಯದ ಗುರುತಿಗಿಂತ ಎರಡಕ್ಷರದ ಪದ ಕಣ್ಣಿಗೆ ಹೆಚ್ಚು ಕಾಣುವುದು ಯಾವ ವೈದ್ಯಶಾಸ್ತ್ರ?

ಮುಟ್ಟಿ ನೋಡಿದವರು ಫಿಸಿಯೋಥೆರಪಿಯ ಅಬ್ರಾರ್ ಒಬ್ಬರೇ. “ಅಮ್ಮಾ, ಕೊಯ್ದ ಕಡೆ ಸ್ನಾಯುಗೆ ಬಲ ಬಂದಿಲ್ಲ. ಉಸಿರು ಬಿಡ್ತಾ ಹೊಟ್ಟೆ ಮೆಲ್ಲಗೆ ಒಳಗೆ ಎಳ್ಕೊಳ್ಳಿ... ಹಾಂ, ಹಂಗೆ. ದಿನಾ ಮಾಡಿಸ್ಬೇಕು. ಆದ್ರೆ ಸರ್ಜರಿಯವರ ಚೀಟಿ ಬೇಕು.” ಸರ್ಜರಿಯವರೆಂದರು, “ಗ್ಯಾಸ್ ಕೇಸಲ್ವಾ? ಮೆಡಿಸಿನ್‌ಗೆ ಹೋಗಿ.” ಮೆಡಿಸಿನ್‌ನವರು ನಕ್ಕರು: “ಗ್ಯಾಸ್‌ಗೆ ಫಿಸಿಯೋನಾ?”

ಮೂವತ್ತೆರಡು ವರ್ಷದ ಹಿಂದೆ ಇದೇ ಕಟ್ಟಡದಲ್ಲಿ ನನಗೆ ಸಿಸೇರಿಯನ್ ಆಗಿತ್ತು. ಶಮೀಮ್ ಎಂಬ ನರ್ಸ್ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೆಮ್ಮುವುದನ್ನು, ಮಗ್ಗುಲಿಗೆ ಹೊರಳಿ ಏಳುವುದನ್ನು ಕಲಿಸಿಯೇ ಮನೆಗೆ ಕಳಿಸಿದ್ದರು. ಆಗ ನಿಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ, ದಿಂಬು ಇತ್ತು. ಅಕ್ಕನಿಗೆ ಅಷ್ಟನ್ನೂ ಯಾರೂ ಹೇಳಿಕೊಡಲಿಲ್ಲ.

ಗಾಡಿಯ ಜಾಗವನ್ನು ಅಪಾರ್ಟ್‌ಮೆಂಟಿನವರು ಮುಂದಿನ ತಿಂಗಳು ಬೇರೆಯವರಿಗೆ ಕೊಡುತ್ತಾರಂತೆ. ನಾನು ಕೇಳುವುದಿಷ್ಟೆ: ಆ ಪದವನ್ನು ಹೊಡೆದುಹಾಕಿ, ‘ಶಸ್ತ್ರಚಿಕಿತ್ಸೆಯ ನಂತರದ ನೋವು’ ಎಂದು ಬರೆಸಿ, ಅಬ್ರಾರ್ ಅವರಿಗೆ ಬೇಕಾದ ಚೀಟಿಯನ್ನು ಈ ವಾರವೇ ಕೊಡಿಸಿ. ಹೊಟ್ಟೆ ಕೊಯ್ಯಿಸಿಕೊಂಡ ಪ್ರತಿಯೊಬ್ಬರಿಗೂ ಮನೆಗೆ ಹೋಗುವ ಮುನ್ನವೇ ಆ ಚೀಟಿ ಸಿಗಲಿ. ಬೇಗ ಮಾಡಿ. ಮೊನ್ನೆ ಪಕ್ಕದ ಮನೆಯವಳು “ಯಾಕಕ್ಕಾ, ಗಾಡಿ ತೆಗೀತಾನೇ ಇಲ್ಲ?” ಎಂದು ಕೇಳಿದಳು. ಅಕ್ಕ ಗಾಯದ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು: “ಗ್ಯಾಸ್ ಅಂತೆ ಕಣಮ್ಮಾ.”

ಇಂತಿ,
ಮೂವತ್ತು ವರ್ಷ ಊರವರ ಅಚ್ಚಿನ ತಪ್ಪು ತಿದ್ದಿ, ಒಡಹುಟ್ಟಿದವಳ ಚೀಟಿಯ ಒಂದು ಪದ ತಿದ್ದಿಸಲಾಗದ
ಯಮುನಾ
ನಿವೃತ್ತ ಪ್ರೂಫ್ ರೀಡರ್, ಮರ್ಫಿ ಟೌನ್