ಲೈಟ್ ನೋಡಲು ಕೂತವಳು

ದೊಡ್ಡ ಸಾಹೇಬರಿಗೆ ನಮಸ್ಕಾರ.

ನನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರಕ್ಕೆ, ತಪ್ಪುಗಳಿಗೆ ಕ್ಷಮಿಸಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು.

ನಿಮ್ಮ ಟಿವಿ ಆಫೀಸಿನಲ್ಲಿ ಬಟ್ಟೆ ಹೊಲಿಯುತ್ತಿದ್ದೆ. ಅವತ್ತು ಮುಖಕ್ಕೆ ಲೈಟ್ ಸರಿಯಾಗಿ ಬೀಳುತ್ತದಾ ಎಂದು ನೋಡಲು ಲೈಟಿನವರು ವಾರ್ತೆ ಓದುವ ಅಕ್ಕನ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದರು. ನೀವು ನೋಡಿ, "ಮುಖ ಚೆನ್ನಾಗಿದೆ, ನಾಳೆಯಿಂದ ಇವಳೇ ಓದಲಿ" ಅಂದಿರಿ. ಎಲ್ಲರೂ ತಲೆಯಾಡಿಸಿದರು. ಅಕ್ಕನನ್ನು ಗೇಟು ಕಾಯಲು ಹಾಕಿದಿರಿ.

ದೊಡ್ಡ ಪದ ಬಂದರೆ ನನ್ನ ನಾಲಿಗೆ ತೊಡರುತ್ತದೆ. ಬಸ್ಸು ಉರುಳಿ ಸತ್ತವರ ಸುದ್ದಿ ಓದಿದಾಗಲೂ ಜನ ನಕ್ಕರಂತೆ. "ಟಿವಿ ಹಾಕೋಕೇ ಭಯ ಆಗುತ್ತೆ ಮಗಳೇ" ಅನ್ನುತ್ತಾರೆ ಅಪ್ಪ. ಬಿಡುತ್ತೇನೆಂದರೆ, ಸಹಿ ಹಾಕಿದ್ದೀಯಲ್ಲ ಎಂದು ಆಫೀಸಿನವರು ಗದರುತ್ತಾರೆ.

ದಯವಿಟ್ಟು ಅಕ್ಕನನ್ನು ಒಳಗೆ ಕರೆಯಿರಿ, ನನ್ನನ್ನು ಹೊಲಿಗೆಗೆ ಕಳಿಸಿ.

ಗೇಟಿನ ಸಮವಸ್ತ್ರ ಅಕ್ಕನಿಗೆ ದೊಗಳೆಯಾಗಿತ್ತು. "ಇನ್ಮೇಲೆ ಇದೇ ತಾನೇ, ಅಳತೆಗೆ ಮಾಡ್ಕೊಡೇ" ಅಂದರು. ಇವತ್ತು ಬೆಳಿಗ್ಗೆ ಮಾಡಿಕೊಟ್ಟೆ.

ಇಂತಿ,
ನಿಮ್ಮ ಹೊಲಿಗೆಯವಳು