ಬಲಗಡೆಯ ಕನ್ನಡಿ

ಟಿಲ್‌ಬರ್ಗ್
ನವೆಂಬರ್ 18, ಮಂಗಳವಾರ

ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಮುಂದಿನ ಸಾಲಿನಲ್ಲಿ ಆಕಳಿಸುತ್ತಿರುವ ಗಣ್ಯರೇ, ಬಾಗಿಲ ಬಳಿ ನಿಂತು ಜಾರಿಕೊಳ್ಳಲು ಹವಣಿಸುತ್ತಿರುವ ರಸಿಕರೇ, ಹಾಗೂ ಇವರೆಲ್ಲರ ಪರವಾಗಿ ಯುಟ್ರೆಕ್ಟ್‌ನ ಮೂರನೇ ಮಹಡಿಯಲ್ಲಿ ಕೂತು ಇದನ್ನು ಓದುತ್ತಿರುವ ಮಸರ್ರತ್,

ಅಸ್ಸಲಾಮು ಅಲೈಕುಮ್.

ನಮ್ಮ ಕಂಪನಿ ಕಾರು ರೇಸಿನಿಂದ ಹಿಂದೆ ಸರಿದಿದೆ ಎಂದು ಈ ಮಹಾಸಭೆಗೆ ತಿಳಿಸಲು ವಿಷಾದಿಸುತ್ತೇನೆ. ಕಂಪನಿಯ ಹೆಸರು ಬೇಡ. ನಿನ್ನ ಆಫೀಸಿನ ಪಾರ್ಕಿಂಗಿನಲ್ಲಿ ಅವರ ಕಾರುಗಳೇ ನಿಂತಿರುತ್ತವೆ. ಹತ್ತು ದಿನದ ಹಿಂದೆ ನಮ್ಮನ್ನೆಲ್ಲ ವರ್ಕ್‌ಶಾಪಿನ ದೊಡ್ಡ ಪರದೆಯ ಮುಂದೆ ಕೂರಿಸಿದರು. ಹೆಡ್ ಆಫೀಸಿನ ಸಾಹೇಬ ಕಾಣಿಸಿಕೊಂಡ. ಮಾರುಕಟ್ಟೆ ಬಿದ್ದಿದೆ, ಬಂದರಿನಲ್ಲಿ ಮಾರಾಟವಾಗದ ಕಾರುಗಳು ಮಳೆಯಲ್ಲಿ ನೆನೆಯುತ್ತಿವೆ, ಕಾರ್ಖಾನೆಗಳಲ್ಲಿ ಜನರನ್ನು ಮನೆಗೆ ಕಳಿಸುತ್ತಿರುವಾಗ ಓಟದ ಕಾರಿಗೆ ಹಣ ಸುರಿಯುತ್ತ ಕೂತರೆ ನೋಡುವವರ ಕಣ್ಣಿಗೆ ಚೆನ್ನಾಗಿರುವುದಿಲ್ಲ ಎಂದ. ನಮ್ಮ ಉತ್ಸಾಹಕ್ಕೆ ಧನ್ಯವಾದ ಹೇಳಿದ. ಪರದೆ ನೀಲಿಯಾಯಿತು. ಮಾರಾಟ ಇಳಿಯಿತು, ಓಟ ಅಳಿಯಿತು. ಇದು ನನ್ನದು, ಸಾಹೇಬನದಲ್ಲ.

‘ಪ್ರಾಸ ಬಿಡು ಬಷೀರ್, ವಿಷಯಕ್ಕೆ ಬಾ’ ಎಂದು ಈಗ ನೀನು ಅಂದಿರುತ್ತೀಯ. ಹರಿಹರದ ಕಾಲೇಜಿನಿಂದಲೂ ಅನ್ನುತ್ತಿದ್ದೀಯ. ಮನೆಯಲ್ಲಿ ದಖ್ಖನಿ, ಪತ್ರಕ್ಕೆ ಮಾತ್ರ ಕನ್ನಡ ಎಂಬ ನಮ್ಮ ಕಾನೂನು ಹುಟ್ಟಿದ್ದೂ ಆಗಲೇ, ನಿನ್ನ ಅಬ್ಬಾಗೆ ಕನ್ನಡ ಓದಲು ಬಾರದ ಪುಣ್ಯದಿಂದ. ಆ ಕಾನೂನು ಇನ್ನೂ ಜಾರಿಯಲ್ಲಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ನಮ್ಮ ಮುಖ್ಯ ಮೆಕ್ಯಾನಿಕ್ ವಿಮ್ ನಿನಗೆ ನೆನಪಿರಬಹುದು. ನೀನೇ ಒಮ್ಮೆ ಫೋಟೊ ನೋಡಿ, ಈತ ನಗುವುದಕ್ಕೂ ಪರ್ಮಿಷನ್ ಕೇಳುತ್ತಾನಾ ಎಂದಿದ್ದೆ. ಪರದೆ ಆರಿದ ಮೇಲೆ ಆತ ಪೊರಕೆ ತೆಗೆದುಕೊಂಡು ನೆಲ ಗುಡಿಸತೊಡಗಿದ. ನೆಲದಲ್ಲಿ ಕಸವಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಬಂದರೆ ಎಂದಿನಂತೆ ಚಕ್ರ ಬದಲಿಸುವ ಅಭ್ಯಾಸ ನಡೆಯುತ್ತಿತ್ತು. ಮುಂದೆ ರೇಸೇ ಇಲ್ಲವಲ್ಲ ವಿಮ್, ಇದೆಲ್ಲ ಯಾಕೆ ಎಂದು ಕೇಳಿದೆ. ‘ಎಂಟು ಗಂಟೆ ಆಯ್ತಲ್ಲ’ ಎಂದ. ಈಗಲೂ ದಿನಾ ಬದಲಿಸುತ್ತಾರೆ. ಇಷ್ಟು ಬೇಗ ಯಾವತ್ತೂ ಬದಲಿಸಿರಲಿಲ್ಲ. ಎಲ್ಲೂ ಹೋಗದ ಕಾರಿಗೆ ಹೊಸ ಚಕ್ರ ಹಾಕಿ, ಹಾಕಿದ್ದನ್ನು ಬಿಚ್ಚಿ, ಕಾಫಿ ಕುಡಿಯುತ್ತಾರೆ.

ಕಾರಿನ ಮೇಲಿದ್ದ ಕಂಪನಿಯ ಲಾಂಛನವನ್ನು ಹೆಡ್ ಆಫೀಸಿನವರೇ ಬಂದು ಕೀಳಿಸಿದರು. ಕಿತ್ತ ಜಾಗದಲ್ಲಿ ಮಾತ್ರ ಬಣ್ಣ ಹೊಸದಾಗಿ ಹೊಳೆಯುತ್ತಿದೆ, ಗೋಡೆಯಿಂದ ಫೋಟೊ ತೆಗೆದ ಜಾಗದ ಹಾಗೆ. ನಮ್ಮ ಹಾಲ್‌ನಲ್ಲೂ ಅಂಥದೊಂದು ಜಾಗವಿದೆ. ನಮ್ಮ ಇಕ್ರಾ ಮೊದಲ ದಿನ ಶಾಲೆಗೆ ಹೊರಟ ಫೋಟೊ ಇತ್ತಲ್ಲ, ಅಲ್ಲಿ.

ನಿನ್ನನ್ನು ದೂರಲು ಇದನ್ನೆಲ್ಲ ಬರೆಯುತ್ತಿಲ್ಲ. ನೀನು ಇಕ್ರಾಳನ್ನು ಕರೆದುಕೊಂಡು ಯುಟ್ರೆಕ್ಟ್‌ಗೆ ಹೋದಾಗ ಹೇಳಿದ ಮಾತು ಸರಿಯಾಗಿಯೇ ಇತ್ತು: ಗೆದ್ದರೆ ಪಾರ್ಟಿ, ಸೋತರೆ ಮೀಟಿಂಗು, ಮನೆಗೆ ಬರೋದು ಬಟ್ಟೆ ಒಗೆಯೋಕೆ ಹಾಕೋದಕ್ಕೆ. ಅದರಲ್ಲಿ ಪ್ರಾಸವೂ ಇರಲಿಲ್ಲ, ಸುಳ್ಳೂ ಇರಲಿಲ್ಲ. ನಿನ್ನ ಕೆಲಸದ ವೀಸಾದ ಸೆರಗು ಹಿಡಿದು ಈ ದೇಶಕ್ಕೆ ಬಂದ ಬಿ.ಎ. ಪದವೀಧರ ನಾನು. ಮೊದಲು ಗೋದಾಮಿನಲ್ಲಿ ಡಬ್ಬ ಎತ್ತಿ, ಆಮೇಲೆ ರೇಸ್ ತಂಡದಲ್ಲಿ ಬಿಡಿಭಾಗಗಳ ಉಸ್ತುವಾರಿ ಸಿಕ್ಕಿತೆಂದು ಮೆರೆದೆ. ನಿನ್ನ ವಾರಾಂತ್ಯಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಊರೂರಿಗೆ ಸಾಗಿಸಿದೆ.

ಈಗ ವಿಷಯ. ಬರುವ ಶನಿವಾರ ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ವಿದಾಯದ ಊಟ. ಮದುವೆ ಕರೆಯೋಲೆಯ ಹಾಗೆ ಸಕುಟುಂಬ ಸಪರಿವಾರ ಬರಬೇಕಂತೆ. ಊಟವಾದ ಮೇಲೆ ಕಾರಿನ ಇಂಜಿನ್ ಕೊನೆಯ ಸಲ ಚಾಲೂ ಮಾಡುತ್ತಾರೆ, ಆಮೇಲೆ ಲಾರಿ ಬಂದು ಕಂಪನಿಯ ಮ್ಯೂಸಿಯಮ್ಮಿಗೆ ಒಯ್ಯುತ್ತದೆ. ನೀನು ಬರಲೇಬೇಕೆಂದೇನಿಲ್ಲ. ಕರೆದಿದ್ದಾರೆ, ತಿಳಿಸಿದೆ, ಅಷ್ಟೆ. ಇಕ್ರಾಳಿಗೆ ಫೋನಿನಲ್ಲಿ ಹೇಳಿದೆ. ‘ಹೂಫ್ಟ್ ನೀಟ್, ಪಪ್ಪಾ’ ಎಂದಳು. ಬೇಕಾಗಿಲ್ಲ ಅನ್ನುವುದನ್ನು ಡಚ್ಚರು ಎಷ್ಟು ಮೆತ್ತಗೆ ಹೇಳುತ್ತಾರೆ ನೋಡು.

ಬಂದರೆ ಒಳ್ಳೆಯದಿತ್ತು ಅನ್ನುವುದಕ್ಕೆ ಒಂದು ಸಣ್ಣ ಕಾರಣವಿದೆ. ನಮ್ಮ ವರ್ಕ್‌ಶಾಪಿನ ಕಟ್ಟಳೆ ನಿನಗೆ ಗೊತ್ತು: ತಪ್ಪು ಮಾಡಿದವನಿಗೆ ಬೈಗುಳವಿಲ್ಲ, ನೋಟಿಸಿಲ್ಲ, ಶುಕ್ರವಾರ ಎಲ್ಲರಿಗೂ ಕೇಕ್ ತರಬೇಕು. ಪೋರ್ಚುಗಲ್‌ನ ಆ ಓಟ ನೆನಪಿದೆಯಾ? ನಮ್ಮ ಕಾರು ಅಭ್ಯಾಸದಲ್ಲಿ ಗೋಡೆಗೆ ಉಜ್ಜಿ ಬಲಗಡೆಯ ಕನ್ನಡಿ ಹಾರಿಹೋಯಿತು. ನಾನು ಗತ್ತಿನಿಂದ ಪೆಟ್ಟಿಗೆ ತೆರೆದೆ. ಒಳಗಿದ್ದದ್ದೆಲ್ಲ ಎಡಗಡೆಯ ಕನ್ನಡಿ. ವಿಮ್ ಪಕ್ಕದ ಸ್ಕೂಟರ್ ಅಂಗಡಿಯಿಂದ ಒಂದು ಕನ್ನಡಿ ತಂದು, ಟೇಪು ಸುತ್ತಿ, ಓಡಿಸಿಬಿಟ್ಟ. ನನಗೆ ಕೇಕ್ ಅಂದ, ಅಷ್ಟೆ.

ಕೇಕೇನು ಮಹಾ, ನಾನು ಬಿರಿಯಾನಿ ಮಾಡ್ತೀನಿ ಎಂದವಳು ನೀನು. ತುರ್ಕಿ ಕಸಾಯಿ ಅಂಗಡಿಯವನ ಹತ್ತಿರ ಜಗಳವಾಡಿ ಕೋಳಿ ತಂದು, ಮುಚ್ಚಳಕ್ಕೆ ಹಿಟ್ಟು ಮೆತ್ತಿ, ದೊಡ್ಡ ದೇಗ್ಚಿಯನ್ನೇ ಕಳಿಸಿದೆ. ಅಂದು ವಿಮ್ ದೇಗ್ಚಿಯ ತಳವನ್ನು ಚಮಚೆಯಿಂದ ಕೆರೆದು ಕೆರೆದು ತಿಂದ. ಆ ಶುಕ್ರವಾರದಿಂದ ನನ್ನ ತಪ್ಪು ಹುಡುಕುವುದೇ ಇವರ ಕಸುಬಾಯಿತು. ಲೇಬಲ್ಲು ಸೊಟ್ಟಗಿದೆ, ಬಷೀರ್, ಬಿರಿಯಾನಿ. ಗುಡ್ ಮಾರ್ನಿಂಗ್ ತಡವಾಯಿತು, ಬಿರಿಯಾನಿ. ನಾನು ನೆಟ್ಟಗೆ ಕೆಲಸ ಮಾಡಿದ ವಾರ ಇವರ ಮುಖ ಬಾಡಿರುತ್ತಿತ್ತು. ತಪ್ಪಿದ್ದರೆ ತಟ್ಟೆಗೆ ಊಟ, ತಪ್ಪಿಲ್ಲದಿದ್ದರೆ ಹೊಟ್ಟೆಗೆ ಕಾಟ.

ನಿನ್ನೆ ವಿಮ್‌ನ ಮೇಜಿನ ಮೇಲೆ ಬಟ್ಟೆ ಮುಚ್ಚಿದ ವಸ್ತುವೊಂದಿತ್ತು. ಅಲ್ಲಿದ್ದ ಟೇಪು ಬೇಕಾಗಿತ್ತು, ಬಟ್ಟೆ ಸರಿಸಿದೆ. ಬಲಗಡೆಯ ಕನ್ನಡಿ. ನಮ್ಮ ಕಾರಿನದೇ. ಮರದ ಪೀಠ ಮಾಡಿ ಕೂರಿಸಿದ್ದಾನೆ. ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ಡಚ್ ಅಕ್ಷರ ಕೆತ್ತಿದ್ದಾನೆ: ಮಸರ್ರತ್‌ಗೆ, ಬಷೀರನ ಎಲ್ಲ ತಪ್ಪುಗಳಿಗಾಗಿ ಧನ್ಯವಾದ. ನಿನ್ನ ಹೆಸರಿನಲ್ಲಿ ಒಂದಕ್ಷರ ಕೂಡ ಬಿಟ್ಟಿಲ್ಲ. ಶನಿವಾರ ಎಲ್ಲರ ಮುಂದೆ ನಿನ್ನ ಕೈಗೆ ಕೊಡುವುದಕ್ಕೆ ಇಟ್ಟಿದ್ದಾನೆ. ಬಟ್ಟೆಯನ್ನು ಮೊದಲಿದ್ದ ಹಾಗೆ ಮುಚ್ಚಿ, ಟೇಪು ತೆಗೆದುಕೊಳ್ಳುವುದನ್ನು ಮರೆತು ಹೊರಗೆ ಬಂದೆ.

ಸಭೆ ಬರಖಾಸ್ತು, ಮಸರ್ರತ್. ಪ್ರಾಸವೂ ಸಾಕು.

ನೀನು ಹೋದದ್ದು ಇಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಹೇಳಲೇ ಇಲ್ಲ. ನೀನು ಹೋದ ಮೇಲಿನ ಬಿರಿಯಾನಿಯೆಲ್ಲ ನಾನು ಮಾಡಿದ್ದು. ಪ್ರತಿ ಸಲ ದೇಗ್ಚಿ ಇಳಿಸಿ, ಮಸರ್ರತ್ ಕಳಿಸಿದ್ದಾಳೆ ಎನ್ನುತ್ತಿದ್ದೆ. ಅವರು ಬಾಯಿ ತುಂಬ ಹೊಗಳುತ್ತಿದ್ದರು, ಮನೆಗೆ ಹೋಗಿ ಹೇಳು ಎನ್ನುತ್ತಿದ್ದರು, ಹೇಳುತ್ತೇನೆ ಎನ್ನುತ್ತಿದ್ದೆ. ಕೆಲವು ವಾರ ತಪ್ಪು ಸಿಗದಿದ್ದರೆ ನಾನೇ ಒಂದು ಮಾಡುತ್ತಿದ್ದೆ. ಕೆಲಸ ಹೋಯಿತೆಂದು ಅಳುಕಿಲ್ಲ, ಗೋದಾಮಿನಲ್ಲಿ ಡಬ್ಬ ಇನ್ನೂ ಇವೆ. ಆದರೆ ನೀನು ನನ್ನ ಹೆಂಡತಿಯಾಗಿ ಉಳಿದಿದ್ದ ಜಾಗ ಇದೊಂದೇ. ಶನಿವಾರ ಅದಕ್ಕೂ ಬೀಗ ಹಾಕುತ್ತಾರೆ.

ಇಂತಿ,
ಟಿಲ್‌ಬರ್ಗ್‌ನಲ್ಲಿ ಶನಿವಾರದವರೆಗೆ ನಿನ್ನ ಗಂಡ,
ಬಷೀರ್

ತಾ.ಕ.: ಕೊನೆಯ ದಿನದ ಬಿರಿಯಾನಿ ಒಪ್ಪಿಕೊಂಡುಬಿಟ್ಟಿದ್ದೇನೆ. ಅಡುಗೆ ನಾನೇ ಮಾಡುತ್ತೇನೆ, ಉಪ್ಪು ಹೆಚ್ಚಾದರೆ ಹೆಸರು ನಿನ್ನದು ಕೆಡುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಾರ್ಕಿಂಗಿನವರೆಗೆ ಕಾರಿನಲ್ಲಿ ತರುತ್ತೇನೆ. ಅಲ್ಲಿಂದ ಬಾಗಿಲವರೆಗೆ ದೇಗ್ಚಿಯ ಒಂದು ಕಡೆಯ ಹಿಡಿ ನೀನು ಹಿಡಿದರೆ ಸಾಕು. ಆಮೇಲೆ ನಿನ್ನ ಕನ್ನಡಿ ತೆಗೆದುಕೊಂಡು ಯುಟ್ರೆಕ್ಟ್ ರೈಲು ಹತ್ತು. ನಾನು ಏನೂ ಕೇಳುವುದಿಲ್ಲ.